ಹಳೇ ದೋಣಿಗೆ ಔಟ್‌ಬೋರ್ಡ್ ಕೂರಿಸಿದ್ದು: ಅಳತೆ ತಪ್ಪಿದ್ದು ಎಲ್ಲಿ

ನಮ್ಮದು ಅಘನಾಶಿನಿ ಹೊಳೆಯಲ್ಲಿ, ತದಡಿಯ ಹತ್ತಿರ ಓಡಾಡುವ ಹಳೇ ಫೈಬರ್ ದೋಣಿ. ಅಪ್ಪನ ಕಾಲದ್ದು. ಅದಕ್ಕೆ ಮೊದಲಿಂದಲೂ ಔಟ್‌ಬೋರ್ಡ್, ಅಂದರೆ ಹಿಂದಿನ ಹಲಗೆಗೆ ಹೊರಗಿಂದ ಸಿಗಿಸುವ ಇಂಜಿನ್ ಇತ್ತು. 15 ಇಂಚಿನ ಶಾರ್ಟ್ ಶಾಫ್ಟ್, ಅಂದರೆ ಹಲಗೆಯ ಅಂಚಿಂದ ನೀರಿಗಿಳಿಯುವ ಕಾಲು ಗಿಡ್ಡ. ಅದು ಕೆಟ್ಟ ಮೇಲೆ ಸೆಕೆಂಡ್ ಹ್ಯಾಂಡಲ್ಲಿ ಒಂದು 9.9 ಎಚ್‌ಪಿ ಇಂಜಿನ್ ಸಿಕ್ಕಿತು. ಲಾಂಗ್ ಶಾಫ್ಟ್, 20 ಇಂಚಿನದು. ಐದಿಂಚಿನಲ್ಲಿ ಏನಾಗುತ್ತದೆ ಅಂತ ಹಾಗೇ ಸಿಗಿಸಿ ಹೊರಟೆ.

ಮೊದಲ ದಿನವೇ ಗೊತ್ತಾಯಿತು. ಹ್ಯಾಂಡಲ್ ಕೈಯಲ್ಲಿ ಭಾರ, ಹಿಂದೆ ನೀರು ಎದ್ದು ಎದ್ದು ದೋಣಿಯೊಳಗೇ ಬೀಳುತ್ತಿತ್ತು, ಸೀಮೆಎಣ್ಣೆ ಸುಮ್ನೆ ಖರ್ಚು. ಇಳಿತದ ಹೊತ್ತಲ್ಲಿ ಬಳಚು ತೆಗೆಯುವ ದಿಣ್ಣೆಯ ಮೇಲೆ ಬಂದಾಗಂತೂ ಇಂಜಿನ್ನಿನ ಬುಡ ಕರಕರ ಅಂತ ಚಿಪ್ಪಿಗೆ ಉಜ್ಜಿತು. ಆ ಸದ್ದು ಕೇಳಿದರೆ ಹೊಟ್ಟೆಯೊಳಗೇ ಏನೋ ಆಗುತ್ತದೆ.

ನೋಡಬೇಕಾದ್ದು ಇಷ್ಟೇ. ನೀರಲ್ಲಿ ತಿರುಗಿ ದೋಣಿಯನ್ನು ತಳ್ಳುವ ಫ್ಯಾನಿನ ಮೇಲೆ ಅಡ್ಡಕ್ಕೆ ಒಂದು ಚಪ್ಪಟೆ ರೆಕ್ಕೆ ಇರುತ್ತದಲ್ವಾ, ಕ್ಯಾವಿಟೇಶನ್ ಪ್ಲೇಟ್ ಅಂತಾರೆ, ಅದು ದೋಣಿಯ ತಳದ ಮಟ್ಟಕ್ಕೆ ಅಥವಾ ಒಂದಿಂಚು ಕೆಳಗೆ ಇರಬೇಕು. ಜಾಸ್ತಿ ಕೆಳಗಾದರೆ ನೀರನ್ನು ಎಳೆದುಕೊಂಡು ಹೋಗುತ್ತದೆ. ಜಾಸ್ತಿ ಮೇಲಾದರೆ ಫ್ಯಾನು ಗಾಳಿ ಹಿಡಿಯುತ್ತದೆ: ಇಂಜಿನ್ ಕಿರುಚುತ್ತದೆ, ದೋಣಿ ಮುಂದೆ ಹೋಗುವುದಿಲ್ಲ.

ನನ್ನ ತಪ್ಪು ಆಗಿದ್ದು ಇಲ್ಲಿ. ದೋಣಿಯನ್ನು ಮರಳ ಮೇಲೆ ಎಳೆದು, ತಳದ ಪಕ್ಕದ ಮೂಲೆಗೆ ನೇರ ಪಟ್ಟಿ ಹಿಡಿದು ನೋಡಿದೆ. ಪ್ಲೇಟ್ ಐದೂವರೆ ಇಂಚು ಕೆಳಗೆ ಕಂಡಿತು. ಒಂದಿಂಚು ಬಿಟ್ಟು ನಾಲ್ಕೂವರೆ ಎತ್ತಿದರೆ ಸರಿ ಅಂತ ಸಿಕ್ಕಿದ ಮರದ ತುಂಡು ಕೊಟ್ಟು ಎತ್ತಿದೆ. ಹೊಳೆಯೊಳಗೆ ಚೆಂದ ಓಡಿತು. ಅಳಿವೆಯ ಹತ್ತಿರ ಅಲೆ ಸಿಕ್ಕಿದ್ದೇ ತಡ, ತಿರುಗಿಸುವಾಗೆಲ್ಲ ಫ್ಯಾನು ಗಾಳಿ ಹಿಡಿಯಿತು. ತಂಪು ಮಾಡುವ ನೀರು ಹಿಂದಿನಿಂದ ಸಣ್ಣ ಧಾರೆಯಾಗಿ ಬರುತ್ತದಲ್ಲ, ಅದೂ ಬಿಟ್ಟು ಬಿಟ್ಟು ಬಂತು. ಅಲ್ಲಿಂದಲೇ ವಾಪಸ್ಸು. ನೀರು ಬಾರದೆ ಇಂಜಿನ್ ಓಡಿಸಿದರೆ ಒಳಗಿನ ಪಂಪು ಸುಟ್ಟುಹೋಗುತ್ತದೆ.

ಊರಿನ ಆಚಾರಿಯವರು ಬಂದು ನೋಡಿ ಒಂದೇ ಮಾತು ಕೇಳಿದರು: "ತಮಾ, ನಡು ಅಳತೆ ತಕಂಡ್ಯಾ?" ತಕ್ಕೊಂಡಿರಲಿಲ್ಲ. ನಮ್ಮ ದೋಣಿಯ ತಳ ಚಪ್ಪಟೆಯಲ್ಲ, ನಡುವೆ ಇಳಿದಿದೆ. ಮೂಲೆಗಿಂತ ನಡು ಒಂದೂವರೆ ಇಂಚು ಕೆಳಗೆ. ಹಿಂದಿನ ಹಲಗೆ ನಡುವಲ್ಲಿ ಮೇಲಿನ ಅಂಚಿಂದ ತಳದವರೆಗೆ 16 ಇಂಚು. ಅಂದರೆ ಪ್ಲೇಟ್ ನಿಜಕ್ಕೂ ನಾಲ್ಕಿಂಚು ಮಾತ್ರ ಕೆಳಗಿತ್ತು, ನಾನು ಅರ್ಧ ಇಂಚು ತಳಕ್ಕಿಂತ ಮೇಲೆ ತಂದಿಟ್ಟಿದ್ದೆ. ಸ್ಪೀಡ್ ಬೋಟಿನವರು ಹಾಗೆ ಇಡುತ್ತಾರೆ, ಅದು ಅವರಿಗೆ ಸರಿ. ಬಲೆ, ಐಸು, ಮೂರು ಜನ ಹೊತ್ತು ಅಳಿವೆ ದಾಟುವ ದೋಣಿಗೆ ಒಂದಿಂಚು ಕೆಳಗಿರುವುದೇ ಒಳ್ಳೆಯದು ಅಂತ ನನಗೆ ಈಗ ಖಾತ್ರಿ.

ಹಲಗೆ ಎತ್ತರಿಸುವ ಮುಂಚೆ ಆಚಾರಿಯವರು ಸುತ್ತಿಗೆಯ ಹಿಡಿಯಿಂದ ತಟ್ಟುತ್ತಾ ಹೋದರು. ಟಕ್ ಟಕ್ ಅನ್ನುತ್ತಿದ್ದದ್ದು ಹಳೇ ಬೋಲ್ಟಿನ ಹತ್ತಿರ ಬಂದಾಗ ಡಬ್ ಅಂದಿತು. ಆ ತೂತಿಗೆ ಡ್ರಿಲ್ ಹಾಕಿದರೆ ಚಾ ಸೋಸಿದ ಚರಟದ ಹಾಗೆ ಕಂದು ಹಸಿ ಪುಡಿ ಹೊರಗೆ ಬಂತು. ಮೇಲೆ ಫೈಬರ್ ಮಿರಿಮಿರಿ, ಒಳಗಿನ ಪ್ಲೈವುಡ್ ಕೊಳೆತಿತ್ತು. ಇಂಜಿನ್ ನಿಂತಿರುವುದೇ ಆ ಮರದ ಮೇಲೆ, ನೋಡಿ. ಅಷ್ಟು ಭಾಗ ಕೆತ್ತಿ ತೆಗೆದೆವು, ಪೂರ್ತಿ ಒಣಗಲು ಬಿಟ್ಟು ಹೊಸ ತುಂಡು ಕೂರಿಸಿ ಎಪಾಕ್ಸಿ ಅಂಟು ತುಂಬಿದೆವು. ಹಳೇ ದೋಣಿಯಾದರೆ ಎತ್ತರದ ಲೆಕ್ಕಕ್ಕಿಂತ ಮೊದಲು ಇದನ್ನು ನೋಡಿ, ದಯವಿಟ್ಟು.

ಆಮೇಲೆ ಮೂರೇ ಇಂಚು ಎತ್ತಿದೆವು. ಹಳೇ ಅಂಚಿನ ಮೇಲೆ ಸಾಗವಾನಿ ತುಂಡು, ಒಳಗೂ ಹೊರಗೂ ಒಂದೊಂದು ತೆಳು ಹಲಗೆ ಕೆಳಗಿನವರೆಗೆ ಇಳಿಸಿ, 12 ಎಂಎಂ ಸ್ಟೀಲ್ ಬೋಲ್ಟ್, ದೊಡ್ಡ ವಾಷರ್. ಸುಮ್ನೆ ಮೇಲೊಂದು ತುಂಡು ಇಟ್ಟರೆ ಇಂಜಿನ್ನಿನ ತಳ್ಳಾಟಕ್ಕೆ ಅದು ಕಿತ್ತು ಬರುತ್ತದೆ. ಎಲ್ಲ ಸೇರಿ ಎಷ್ಟು ದಪ್ಪ ಆಗುತ್ತದೆ, ಇಂಜಿನ್ನಿನ ಕ್ಲಾಂಪ್ ಬಾಯಿ ಅಷ್ಟು ತೆರೆಯುತ್ತದಾ ಅಂತ ಮೊದಲೇ ಅಳೆದುಕೊಳ್ಳಿ. ಪ್ರತಿ ತೂತಿನ ಒಳಗೋಡೆಗೂ ಎಪಾಕ್ಸಿ ಬಳಿದು, ಬೋಲ್ಟಿಗೆ ದೋಣಿಗೆ ಬಳಸುವ ಪಾಲಿಯುರೆಥೇನ್ ಸೀಲಂಟ್ ಹಾಕಿದೆವು. ಬಚ್ಚಲಿಗೆ ಹಾಕುವ ಸಿಲಿಕೋನ್ ಬೇಡ, ಬಿಟ್ಟುಕೊಳ್ಳುತ್ತದೆ. ಇಂಜಿನ್ನಿಗೆ ಒಂದು ಸರಪಳಿ ಬಿಗಿದು ದೋಣಿಗೆ ಕಟ್ಟಿದೆ. ಕ್ಲಾಂಪ್ ಸಡಿಲಾದರೂ ಇಂಜಿನ್ ಹೊಳೆಗೆ ಹೋಗಬಾರದು.

ಖಾಲಿ ದೋಣಿಯಲ್ಲಿ ಪರೀಕ್ಷೆ ಮಾಡಬೇಡಿ. ಬಲೆ ತುಂಬಿ, ತಮ್ಮನನ್ನು ಹಿಂದೆ ಕೂರಿಸಿ, ಭರತದ ಹೊತ್ತಲ್ಲಿ ಅಳಿವೆಯ ಕಡೆ ಪೂರ್ತಿ ಆಕ್ಸಿಲರೇಟರ್ ಕೊಟ್ಟೆ. ಅವನು ಬಗ್ಗಿ ಪ್ಲೇಟನ್ನೇ ನೋಡುತ್ತಿದ್ದ. ನೀರಿನ ಕೆಳಗೇ ಇದೆ ಅಂದ. ಎಡಕ್ಕೂ ಬಲಕ್ಕೂ ತಿರುಗಿಸಿದೆ, ಇಂಜಿನ್ ಕಿರುಚಲಿಲ್ಲ. ತಂಪು ನೀರಿನ ಧಾರೆ ಒಂದೇ ಸಮ. ಹಿಂದೆ ಏಳುತ್ತಿದ್ದ ನೀರು ಇಲ್ಲ, ಹ್ಯಾಂಡಲ್ ಒಂದು ಕೈಗೆ ಬಂತು.

ವಾರ ಬಿಟ್ಟು ಸ್ಪ್ಯಾನರ್ ಹಾಕಿ ನೋಡಿದಾಗ ಬೋಲ್ಟುಗಳು ಇನ್ನೂ ಅರ್ಧ ಸುತ್ತು ಬಿಗಿ ಹಿಡಿದವು. ಈಗ ತಿಂಗಳಿಗೊಮ್ಮೆ ನೋಡುತ್ತೇನೆ.