ಭೂಕಂಪಕ್ಕೆ ಮನೆ ಸಜ್ಜು ಮಾಡುವುದು: ಮಲಗುವ ಜಾಗದಿಂದ ಶುರು ಮಾಡಿ

1993ರ ಸೆಪ್ಟೆಂಬರ್ 30. ಗಣೇಶನನ್ನು ನೀರಿಗೆ ಬಿಟ್ಟು ಬಂದು ಜನ ತಡವಾಗಿ ಮಲಗಿದ್ದರು. ನಸುಕಿನ ನಾಲ್ಕರ ಹೊತ್ತಿಗೆ ಭೂಕಂಪಕ್ಕೆ ಮಹಾರಾಷ್ಟ್ರದ ಲಾತೂರು ಜಿಲ್ಲೆಯ ಕಿಲ್ಲಾರಿ ಮತ್ತು ಸುತ್ತಲಿನ ಹಳ್ಳಿಗಳು ನೆಲಕಚ್ಚಿದವು. ಸುಮಾರು 10,000 ಜನ ಸತ್ತರು. ಆಗಿನ ಭೂಕಂಪ ನಕ್ಷೆಯಲ್ಲಿ ಕಿಲ್ಲಾರಿ ಇದ್ದದ್ದು ಅತಿ ಕಡಿಮೆ ಅಪಾಯದ ವಲಯದಲ್ಲಿ! ಹಾಗಾಗಿ 'ನಮ್ಮ ಕಡೆ ಅದೆಲ್ಲ ಆಗಲ್ಲ' ಅಂತ ಸುಮ್ನೆ ಕೂರುವುದು ಬೇಡ. ಕಲಬುರಗಿ ಜಿಲ್ಲೆಯ ಗಡಿಕೇಶ್ವರದಲ್ಲಿ 2021ರಲ್ಲಿ, ಕೊಡಗಿನ ಸಂಪಾಜೆ, ಚೆಂಬು ಕಡೆ 2022ರಲ್ಲಿ ನೆಲ ಮತ್ತೆ ಮತ್ತೆ ನಡುಗಿದೆ.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಗೋಡೆ ಮತ್ತು ಮಾಳಿಗೆ. ಮಣ್ಣಿನಲ್ಲಿ ಕಟ್ಟಿದ ದಪ್ಪ ಕಲ್ಲುಗೋಡೆ, ಮರದ ತೊಲೆಗಳ ಮೇಲೆ ಭಾರಿ ಮಣ್ಣು. ಸೋರುತ್ತದೆಂದು ವರ್ಷ ವರ್ಷ ಮೇಲೆ ಇನ್ನಷ್ಟು ಮಣ್ಣು ಹಾಕುತ್ತಾ ಹೋದರೆ ಮಾಳಿಗೆಯ ಭಾರ ಏರುತ್ತಲೇ ಇರುತ್ತದೆ. ನೆಲ ಅಲುಗಿದಾಗ ಗೋಡೆಯ ಒಳಮೈ, ಹೊರಮೈ ಬೇರೆಬೇರೆಯಾಗಿ ಬಿರಿದು ಉಬ್ಬುತ್ತವೆ, ಮಾಳಿಗೆ ಕೆಳಗೆ ಕೂರುತ್ತದೆ. ಕಲಬುರಗಿ, ಬೀದರ್ ಕಡೆ ಇಂಥ ಮನೆಗಳು ಈಗಲೂ ಇವೆ. ನಿಮ್ಮದೂ ಅಂಥದ್ದೇ ಆಗಿದ್ದರೆ ಮಾಳಿಗೆಯ ಹೆಚ್ಚುವರಿ ಮಣ್ಣು ಇಳಿಸಿ, ಸೋರದಂತೆ ಬೇರೆ ದಾರಿ ಮಾಡಿಸಿ. ಉಬ್ಬಿದ, ಸೀಳಿದ ಗೋಡೆಯನ್ನು ಎಂಜಿನಿಯರ್‌ಗೆ ತೋರಿಸಿ. ಹೊಸ ಗೋಡೆ ಕಟ್ಟುವಾಗ ಎರಡೂ ಮೈ ಹಿಡಿದಿಡುವಷ್ಟು ಉದ್ದದ ಕಲ್ಲುಗಳನ್ನು ನಡುನಡುವೆ ಅಡ್ಡಲಾಗಿ ಇಡಿಸಿ. ಬಾಗಿಲು, ಕಿಟಕಿಗಳ ಮೇಲೆ ಎಲ್ಲ ಗೋಡೆಗಳ ಸುತ್ತಲೂ ಮುರಿಯದೆ ಸಾಗುವ ಕಾಂಕ್ರೀಟ್ ಪಟ್ಟಿ ಹಾಕಿಸಿ. ಖರ್ಚು ಜಾಸ್ತಿಯಾದರೂ ಇದನ್ನು ಬಿಡಬೇಡಿ.

ಕಾಂಕ್ರೀಟ್ ಮನೆಯವರು ಇವತ್ತೇ ಮಾಡಬಹುದಾದ ಕೆಲಸ ಬೇರೆ ಇದೆ. ಮಂಚದ ಮೇಲೆ ಮಲಗಿ ಸುತ್ತ ನೋಡಿ. ತಲೆಯ ಮೇಲೆ ಏನಿದೆ? ಗಾಜಿನ ಫೋಟೊ, ಸಜ್ಜಾದ ಮೇಲಿನ ಹಿತ್ತಾಳೆ ಪಾತ್ರೆ, ಸೂಟ್‌ಕೇಸ್ ಎಲ್ಲ ಕೆಳಗಿಳಿಸಿ. ಕಬ್ಬಿಣದ ಬೀರು ಮಂಚದ ಮೇಲೆ ಬೀಳುವಂತಿದ್ದರೆ ಜಾಗ ಬದಲಿಸಿ. ಆಗದಿದ್ದರೆ ಎಲ್ ಆಕಾರದ ಪಟ್ಟಿ ಮತ್ತು ಸ್ಕ್ರೂ ಹಾಕಿ ಗೋಡೆಗೆ ಬಿಗಿಸಿ. ದಿಂಬಿನ ಹತ್ತಿರ ಟಾರ್ಚ್, ಮಂಚದ ಕೆಳಗೆ ಚಪ್ಪಲಿ ಇರಲಿ. ಕತ್ತಲಲ್ಲಿ ಗಾಜು ತುಳಿದವರು ಯಾರನ್ನೂ ಎತ್ತಿಕೊಂಡು ಹೋಗಲಾರರು.

ಒಂದು ಚೀಲ ಬಾಗಿಲ ಬಳಿ ಇಡಿ. ತಲೆಗೆ ದಿನಕ್ಕೆ 4 ಲೀಟರ್‌ನಂತೆ 3 ದಿನದ ನೀರು ಬೇರೆಯಾಗಿ ತುಂಬಿಟ್ಟುಕೊಳ್ಳಿ. ಚೀಲದಲ್ಲಿ ಅವಲಕ್ಕಿ, ಬೆಲ್ಲದಂತಹ ಒಲೆ ಬೇಡದ ತಿಂಡಿ, ಬಿಪಿ-ಶುಗರ್ ಮಾತ್ರೆ, ದಾಖಲೆಗಳ ನಕಲು, ಸೀಟಿ ಇರಲಿ. ಸೀಟಿ ಮರೆಯಬೇಡಿ, ಅವಶೇಷದಡಿ ಸಿಕ್ಕಿದವರಿಗೆ ಕೂಗಿ ಕೂಗಿ ಗಂಟಲು ಬೇಗ ಕಟ್ಟುತ್ತದೆ.

ಇನ್ನು ಅಭ್ಯಾಸ. ಮಕ್ಕಳಿಗೆ ಒಂದೇ ಮಾತು ಕಲಿಸಿ: ಕುಳಿತು ಬಗ್ಗು, ಮೇಜಿನ ಕೆಳಗೆ ನುಗ್ಗು, ಅದರ ಕಾಲು ಬಿಡಬೇಡ. ಮಂಚದಲ್ಲಿದ್ದರೆ ಅಲ್ಲೇ ಬೋರಲು ಮಲಗಿ ದಿಂಬಿನಿಂದ ತಲೆ ಮುಚ್ಚಿಕೊಳ್ಳಲಿ. ಎದ್ದು ಓಡಲಾಗದ ಅಜ್ಜ, ಅಜ್ಜಿಗೂ ಇದೇ ಸರಿ. ನಡುಗುವಾಗ ಮೆಟ್ಟಿಲು, ಲಿಫ್ಟ್ ಎರಡೂ ಬೇಡ. ಮಣ್ಣಿನ ಮಾಳಿಗೆ ಮನೆಯಲ್ಲಿ ಮಾತ್ರ ಲೆಕ್ಕ ಬೇರೆ: ಬಾಗಿಲು ಹತ್ತಿರವಿದ್ದು ಎದುರಿಗೆ ಬಯಲಿದ್ದರೆ ಕೂಡಲೇ ಹೊರಗೆ ಬನ್ನಿ.

ನಡುಕ ನಿಂತ ಮೇಲೆ ಸಿಲಿಂಡರ್ ರೆಗ್ಯುಲೇಟರ್ ಬಂದ್ ಮಾಡಿ. ಗ್ಯಾಸ್ ವಾಸನೆ ಬಂದರೆ ಸ್ವಿಚ್ ಮುಟ್ಟದೆ ಹೊರಗೆ ಬಂದು 1906ಕ್ಕೆ ಫೋನ್ ಮಾಡಿ. ಬೇರೆ ತುರ್ತಿಗೆ 112. ಎಲ್ಲರೂ ಸೇರುವ ಬಯಲನ್ನು ಮೊದಲೇ ಗೊತ್ತು ಮಾಡಿಕೊಂಡಿರಿ. ಅದು ಕಾಂಪೌಂಡ್ ಗೋಡೆ, ಕರೆಂಟ್ ಕಂಬಗಳಿಂದ ದೂರ ಇರಬೇಕು. ನೆಂಟರಿಗೆ ಮೆಸೇಜ್ ಮಾಡಿದರೆ ಸಾಕು, ಕರೆ ಸಿಗುವುದು ಕಷ್ಟ. ಮರುಕಂಪನ ಬಂದೇ ಬರುತ್ತದೆ ಎಂದು ತಿಳಿದಿರಿ. ಬಿರುಕು ಬಿಟ್ಟ ಮನೆಗೆ ಒಡವೆ ತರಲು, ಮೊಬೈಲ್ ತರಲು ಯಾರನ್ನೂ ಒಳಗೆ ಬಿಡಬೇಡಿ.