ಕೋಲಾರದ ಮಣ್ಣಲ್ಲೇ ಜಲವರ್ಣ: ನನ್ನ ಅನುಭವ

ಎರಡು ಮಳೆಗಾಲ ಕಳೆದವು. ನನ್ನ ಡಬ್ಬಿಯ ಬಣ್ಣಕ್ಕೆ ಬೂಷ್ಟು ಹಿಡಿದಿಲ್ಲ, ಬಿರುಕೂ ಬಿಟ್ಟಿಲ್ಲ. ಒದ್ದೆ ಬ್ರಷ್ ತಾಗಿಸಿದ ಕೂಡಲೇ ಕರಗುತ್ತದೆ. ಕಾಗದದ ಮೇಲೆ ಒಣಗಿದ ಮೇಲೆ ಬೆರಳಲ್ಲಿ ಉಜ್ಜಿದರೂ ಕೈಗೆ ಹತ್ತುವುದಿಲ್ಲ. ಇದು ಅಂಗಡಿಯ ಬಣ್ಣ ಅಲ್ಲ. ಕೋಲಾರದ ಸುತ್ತಮುತ್ತ ಹೊಲದ ಬದು, ಗುಡ್ಡದ ಬುಡ, ಪೈಪ್ ಹಾಕೋಕೆ ಅಗೆದ ಗುಂಡಿ, ಹೀಗೆ ಕಂಡಲ್ಲೆಲ್ಲ ಚೀಲಕ್ಕೆ ತುಂಬಿಕೊಂಡು ಬಂದ ಮಣ್ಣು. ಜಲವರ್ಣಕ್ಕೆ ಇದು ಆಗಲ್ಲ ಅಂದವರು ಬಹಳ ಜನ. ಈಗ ಆಗಿದೆ. ಹೇಗೆ ಅಂತ ಬರೆಯುತ್ತೇನೆ.

ನಾನು ಕಲಾಶಾಲೆಯಲ್ಲಿ ಕಲಿತವನಲ್ಲ. ಎಪಿಎಂಸಿ ಯಾರ್ಡಿನ ಟೊಮೆಟೊ ಮಂಡಿಯೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಸೀಸನ್ ಶುರುವಾದರೆ ತಲೆ ಎತ್ತೋಕೂ ಪುರುಸೊತ್ತಿಲ್ಲ. 2023ರ ಜುಲೈನಲ್ಲಿ 15 ಕೆಜಿ ಬಾಕ್ಸು ಎರಡು ಸಾವಿರ ದಾಟಿದ್ದು ನಿಮಗೂ ನೆನಪಿರಬೇಕು ಅಲ್ವಾ? ಆ ತಿಂಗಳು ಬ್ರಷ್ ಮುಟ್ಟಲೇ ಇಲ್ಲ. ಆದರೆ ಮಣ್ಣಿನ ಕೆಲಸ ನನ್ನಂಥವರಿಗೆ ಸರಿಹೊಂದುತ್ತದೆ. ನೆನೆಯೋದು, ತಿಳಿಯಾಗೋದು, ಒಣಗೋದು ಎಲ್ಲ ತನ್ನಷ್ಟಕ್ಕೆ ಆಗುತ್ತದೆ. ಮಂಡಿಗೆ ಹೊರಡೋ ಮುಂಚೆ ನೀರು ಬಸಿದು ಹೋದರೆ ಆಯಿತು.

ಶುರು ಮಾಡಿದ್ದು ದುಡ್ಡಿನ ಕಾರಣಕ್ಕೇ. ಈ ಕಡೆ ಏನು ಬರೆದರೂ ಕೆಂಪು, ಕಂದು ಜಾಸ್ತಿ ಬೇಕು. ಅಂತರಗಂಗೆಯ ಬಂಡೆಗಳ ಮೇಲೆ ಸಂಜೆ ಬಿಸಿಲು ಬಿದ್ದಾಗ ನೋಡಿದ್ದೀರಲ್ಲ, ಪೂರ್ತಿ ಬೆಟ್ಟಕ್ಕೇ ಕಾವಿ ಬಳಿದ ಹಾಗೆ. ಒಂದು ಒಳ್ಳೆ ಟ್ಯೂಬಿಗೆ ಮುನ್ನೂರು, ನಾನೂರು. ಅದು ನಾಲ್ಕು ದೊಡ್ಡ ಹಾಳೆಗೆ ಖಾಲಿ. ನೀಲಿ ಟ್ಯೂಬು ಮಾತ್ರ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ. ಅದೇ ಬೆಟ್ಟದ ಬುಡದಲ್ಲಿ ಅದೇ ಬಣ್ಣದ ಮಣ್ಣು ಸುಮ್ನೆ ಬಿದ್ದಿದೆ. ಅಮ್ಮ ಹೊಸಿಲಿಗೂ ರಂಗೋಲಿ ಅಂಚಿಗೂ ಕೆಮ್ಮಣ್ಣು ಬಳಿಯುತ್ತಿದ್ದುದನ್ನು ನೋಡಿಯೇ ಬೆಳೆದವನು ನಾನು. ಹೊಸಿಲ ಮೇಲೆ ನಿಲ್ಲುವುದು ಹಾಳೆಯ ಮೇಲೆ ಯಾಕೆ ನಿಲ್ಲಬಾರದು ಅನ್ನಿಸಿತು.

ನಮ್ಮ ಭಾನುವಾರದ ಗುಂಪಿನಲ್ಲಿ ಒಬ್ಬರು ನಿವೃತ್ತ ಡ್ರಾಯಿಂಗ್ ಮೇಷ್ಟ್ರಿದ್ದಾರೆ. "ಇದೆಲ್ಲ ಗೋಡೆಗೆ ಸರಿ ಕಣಯ್ಯ, ಪೇಪರಿಗಲ್ಲ. ಒಂದು ವರ್ಷಕ್ಕೆ ಉದುರಿ ಫ್ರೇಮಿನ ತಳದಲ್ಲಿ ಕೂತಿರುತ್ತೆ" ಅಂದರು. ಮೊದಲ ಕೆಲವು ತಿಂಗಳು ಅವರ ಮಾತೇ ನಿಜವಾಯಿತು.

ಟೀ ಸೋಸುವ ಜರಡಿಯಲ್ಲಿ ಸೋಸಿದ ಮಣ್ಣಿಗೆ ಮರಗೆಲಸದ ಬಿಳಿ ಅಂಟು ಹಾಕಿದ ಬಣ್ಣ ಚೆನ್ನಾಗಿಯೇ ಅಂಟಿತು. ಆದರೆ ಒಮ್ಮೆ ಒಣಗಿದರೆ ಮತ್ತೆ ಕರಗಲ್ಲ, ಪ್ಯಾನ್ (ಬಣ್ಣ ತುಂಬಿ ಒಣಗಿಸುವ ಪುಟ್ಟ ಡಬ್ಬಿ) ಪೂರ್ತಿ ಕಲ್ಲು. ಗ್ರಂಥಿಗೆ ಅಂಗಡಿಯಿಂದ ಬಾದಾಮಿ ಗೋಂದು ತಂದರೆ ಅದು ಕರಗುವ ಬದಲು ಊದಿಕೊಂಡು ಲೋಳೆಯಾಯಿತು. ಅದು ಶರಬತ್ತಿಗೆ ಲಾಯಕ್ಕು, ಬಣ್ಣಕ್ಕಲ್ಲ. ನಮಗೆ ಬೇಕಾದದ್ದು ಜಾಲಿ ಗೋಂದು. ಅದರಲ್ಲೂ ಅಂಗಡಿಯವರು ಕೊಡುವ ಪೊಟ್ಟಣದಲ್ಲಿ ಅರ್ಧ ತೊಗಟೆ, ಕಸ ಇರುತ್ತದೆ. ತಿಳಿ ಹಳದಿ ಹರಳುಗಳನ್ನು ಮಾತ್ರ ಕೂತು ಆರಿಸಬೇಕು. ಕಪ್ಪಗಿನ ಅಂಟು ಹಾಕಿದರೆ ಹಳದಿ ಮಣ್ಣು ಮಂಕಾಗುತ್ತದೆ. ಗೋಂದಿಗೇ ಸುಮಾರು ಏಳೆಂಟು ನೂರು ಹೋಗಿರಬೇಕು.

ಆಮೇಲೆ ನೀರು. ನಮ್ಮ ಬೋರ್‌ವೆಲ್ ನೀರಿನ ಗಡಸುತನ ಎಲ್ಲರಿಗೂ ಗೊತ್ತು. ಆ ನೀರಲ್ಲಿ ತೊಳೆದ ಮಣ್ಣಿನ ಬಣ್ಣ ಒಣಗಿದ ಮೇಲೆ ಹಾಳೆಯ ಮೇಲೆ ಬಿಳಿ ಪುಡಿ ಬಂತು. ಉಪ್ಪಿನಂಶ ಅದು. ಮೇಷ್ಟ್ರು ಅದನ್ನೇ ತೋರಿಸಿ "ನೋಡು" ಅಂದರು. ಈಗ ಕೊನೆಯ ಎರಡು ತೊಳೆತಕ್ಕೆ ಶುದ್ಧ ನೀರಿನ ಘಟಕದ ನೀರು. ಐದು ರೂಪಾಯಿ ನಾಣ್ಯ ಹಾಕಿದರೆ ಒಂದು ಕ್ಯಾನ್. ಮಳೆ ನೀರು ಹಿಡಿದಿಟ್ಟರೆ ಇನ್ನೂ ಒಳ್ಳೆಯದು.

ತೊಳೆಯುವುದೇ ಇಡೀ ಕೆಲಸದ ಜೀವ. ಒಂದು ಬಕೆಟ್ಟಿನಲ್ಲಿ ಮಣ್ಣು ನೆನೆಸಿ ಚೆನ್ನಾಗಿ ಕದಡಿ. ಬೇರು, ಕಡ್ಡಿ ತೇಲುತ್ತವೆ, ತೆಗೆಯಿರಿ. ಕದಡಿ ಬಿಟ್ಟ ಮೇಲೆ ಇಪ್ಪತ್ತು, ಮೂವತ್ತು ಎಣಿಸುವಷ್ಟು ಹೊತ್ತು ಕಾಯಿರಿ. ಅಷ್ಟರಲ್ಲಿ ಮರಳು ತಳಕ್ಕೆ ಕೂರುತ್ತದೆ. ಮೇಲಿನ ಕೆಂಪು ನೀರನ್ನು ಮಾತ್ರ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ. ಅದನ್ನೂ ಕದಡಿ, ಈ ಸಲ ಎರಡು ನಿಮಿಷ ಬಿಟ್ಟು ಬಗ್ಗಿಸಿ. ಮೂರನೇ ಬಕೆಟ್ಟಿನದ್ದು ರಾತ್ರಿಯಿಡೀ ಕೂರಲಿ. ಬೆಳಿಗ್ಗೆ ತಿಳಿ ನೀರು ಚೆಲ್ಲಿದರೆ ತಳದಲ್ಲಿ ಬೆಣ್ಣೆಯಷ್ಟು ನುಣ್ಣಗಿನ ಕೆಸರು ಸಿಗುತ್ತದೆ. ಐದು ಕೆಜಿ ಮಣ್ಣಿಗೆ ಅಬ್ಬಬ್ಬಾ ಅಂದರೆ ಕಾಲು ಕೆಜಿ. ಅದನ್ನು ಬಟ್ಟೆಯಲ್ಲಿ ಬಸಿದು ನೆರಳಲ್ಲಿ ಒಣಗಿಸುತ್ತೇನೆ. ಯಾವ ಬಟ್ಟೆ ಅನ್ನೋದು ನನ್ನ ಹತ್ರನೇ ಇರಲಿ. ಅದನ್ನು ಹುಡುಕೋಕೆ ನನಗೆ ಒಂದು ಬೇಸಿಗೆ ಹಿಡಿಯಿತು.

ಅರೆಯೋಕೆ ವಿದೇಶಿ ಗಾಜಿನ ಗುಂಡು ಬರುತ್ತದೆ, ಬೆಲೆ ಸಾವಿರಗಟ್ಟಲೆ. ನಾನು ಮಾಲೂರು ತಾಲ್ಲೂಕಿನ ಶಿವಾರಪಟ್ಟಣಕ್ಕೆ ಹೋದೆ. ಊರು ತುಂಬ ಶಿಲ್ಪಿಗಳು, ಮನೆ ಮುಂದೆ ದೇವರ ವಿಗ್ರಹಗಳು ಸಾಲಾಗಿ ನಿಂತಿರುತ್ತವೆ. ಅಲ್ಲಿ ಒಬ್ಬರಿಗೆ ಒಂದು ಮುಷ್ಟಿ ಗಾತ್ರದ ಕಲ್ಲು, ತಳ ಮಾತ್ರ ಕನ್ನಡಿ ಥರ ಚಪ್ಪಟೆ ಬೇಕು ಅಂದೆ. "ಏನ್ ಸ್ವಾಮಿ, ಔಷಧಿ ಅರೀತೀರಾ?" ಅಂತ ಕೇಳಿದರು. ಬಣ್ಣಕ್ಕೆ ಅಂದ ಮೇಲೆ ಅವರಿಗೂ ಉಮೇದು ಬಂತು. ತಳವನ್ನು ಪಾಲಿಶ್ ಮಾಡಿ, ಅಂಚನ್ನು ಸ್ವಲ್ಪ ಗುಂಡಗೆ ಮಾಡಿಕೊಟ್ಟರು. ಚೂಪು ಅಂಚಿದ್ದರೆ ಬಣ್ಣ ಒಳಗೆ ಹೋಗಲ್ಲ, ಪಕ್ಕಕ್ಕೆ ತಳ್ಳಿಕೊಂಡು ಹೋಗುತ್ತದೆ ಅನ್ನೋದು ಅವರಿಗೇ ಹೊಳೆದದ್ದು. ನಾನೂರೋ ಐನೂರೋ ತೆಗೆದುಕೊಂಡರು. ಕೆಳಗಿನ ಹಾಸುಗಲ್ಲಿಗೆ ಗ್ರಾನೈಟ್ ಅಂಗಡಿಯ ತುಂಡು, ಅದಕ್ಕೆ ದುಡ್ಡೇ ತೆಗೆದುಕೊಳ್ಳಲಿಲ್ಲ.

ಮಣ್ಣನ್ನು ಗೋಂದಿನ ನೀರಿನ ಜೊತೆ ಅರೆಯುವಾಗ ಕಿವಿ ಕೊಡಬೇಕು. ಮೊದಲು ಕರಕರ ಅನ್ನುತ್ತದೆ. ಹತ್ತು ನಿಮಿಷಕ್ಕೆ ಸರಸರ. ಅರ್ಧ ಗಂಟೆ ಆದ ಮೇಲೆ ಸದ್ದು ಅಡಗಿ, ಕಲ್ಲು ಹಾಸುಗಲ್ಲಿಗೆ ಅಂಟಿಕೊಂಡು ಎತ್ತೋಕೇ ಬರಲ್ಲ. ಪಕ್ಕಕ್ಕೆ ಜಾರಿಸಿ ತೆಗೆಯಬೇಕು. ಅಲ್ಲಿಗೆ ಬಣ್ಣ ಆಯಿತು ಅಂತ ಲೆಕ್ಕ. ಪುಡಿಯನ್ನು ಒಣಗಿದ್ದಾಗ ಊದಬೇಡಿ, ಕೆದಕಬೇಡಿ. ಮಾಸ್ಕ್ ಹಾಕಿ.

ಒಂದು ಪಾಲು ಗೋಂದಿಗೆ ಎರಡು ಪಾಲು ಬೆಚ್ಚಗಿನ ನೀರು, ರಾತ್ರಿ ನೆನೆಸಿ ಸೋಸಿ. ಈ ಗೋಂದಿನ ನೀರು ಮತ್ತು ಮಣ್ಣು ಹೆಚ್ಚುಕಮ್ಮಿ ಸಮ ಸಮ. ಗೋಂದು ಕಮ್ಮಿಯಾದರೆ ಬೆರಳಿಗೆ ಬರುತ್ತದೆ, ಜಾಸ್ತಿಯಾದರೆ ಮಿರಮಿರ ಹೊಳೆದು ಸಿಪ್ಪೆ ಏಳುತ್ತದೆ. ಒಂದೊಂದು ಮಣ್ಣು ಒಂದೊಂದು ಥರ ಕುಡಿಯುತ್ತದೆ, ಪಟ್ಟಿ ಎಳೆದು ನೋಡದೆ ಬೇರೆ ದಾರಿಯಿಲ್ಲ. ಬೂಷ್ಟಿಗೆ ಲವಂಗದ ಎಣ್ಣೆ, ಒಂದೆರಡು ತೊಟ್ಟು ಸಾಕು. ಬಿರುಕಿಗೆ ಜೇನು. ಕೋಲಾರದ ಒಣ ಗಾಳಿಗೆ ಬೇಸಿಗೆಯಲ್ಲಿ ಒಂದು ಅಳತೆ, ಮಳೆಗಾಲದಲ್ಲಿ ಇನ್ನೊಂದು. ಆ ಅಳತೆ ಮಾತ್ರ ಕೇಳಬೇಡಿ. ಪ್ಯಾನನ್ನು ಒಂದೇ ಸಲ ತುಂಬಿಸಬೇಡಿ. ಮೂರು ಸಲ ಸ್ವಲ್ಪ ಸ್ವಲ್ಪ ಹಾಕಿ, ನಡುವೆ ನೆರಳಲ್ಲಿ ಒಣಗಲಿ.

ಇದರ ಮಧ್ಯೆ ಏನೇನೋ ಮಾಡಿ ನೋಡಿದ್ದೇನೆ. ಹಳದಿ ಮಣ್ಣನ್ನು ಕಬ್ಬಿಣದ ಹೆಂಚಿನ ಮೇಲೆ ಹುರಿದರೆ ಕಣ್ಣ ಮುಂದೆಯೇ ಕೆಂಪಾಗುತ್ತದೆ. ಅದರಲ್ಲಿನ ಕಬ್ಬಿಣದ ಅಂಶಕ್ಕೆ ಸೇರಿಕೊಂಡ ನೀರು ಹೋಗುವುದರಿಂದ ಹಾಗೆ. ಎಲ್ಲಿ ನಿಲ್ಲಿಸುತ್ತೀರೋ ಆ ಬಣ್ಣ ಸಿಗುತ್ತದೆ. ಒಂದೇ ಮಣ್ಣಿನಿಂದ ನಾಲ್ಕು ಬಣ್ಣ ತೆಗೆದಿದ್ದೇನೆ, ಇದನ್ನು ಹೆಮ್ಮೆಯಿಂದಲೇ ಹೇಳುತ್ತೇನೆ. ಮನೆಯವಳು ದೋಸೆ ಹೆಂಚು ಕೊಡಲ್ಲ ಅಂದಳು. ಸಂತೆಯಲ್ಲಿ ಹಳೇದು ಒಂದು ತಂದೆ.

ಕೆರೆ ಗೋಡು ಮಾತ್ರ ಬಗ್ಗಲಿಲ್ಲ. ಎಷ್ಟು ಜೇನು ಹಾಕಿದರೂ ಒಣಗಿದ ಕೆರೆಯಂಗಳದ ಥರವೇ ಬಿರಿಯಿತು. 2018ರಿಂದ ಕೆ.ಸಿ. ವ್ಯಾಲಿ ನೀರು (ಬೆಂಗಳೂರಿನ ಕೊಳಚೆಯನ್ನು ಸಂಸ್ಕರಿಸಿ ಬಿಡುವ ನೀರು) ಬಂದು ನಮ್ಮ ಕಡೆ ಎಷ್ಟೋ ಕೆರೆ ತುಂಬಿವೆ, ಈಗ ಗೋಡು ಸಿಗೋದೂ ಕಷ್ಟ. ಕಪ್ಪಿಗೆ ಹರಳೆಣ್ಣೆ ದೀಪದ ಮೇಲೆ ತಟ್ಟೆ ಮಗುಚಿ ಮಸಿ ಹಿಡಿದೆ. ಮಸಿ ನೀರಿಗೆ ಸೇರಲ್ಲ, ಮೇಲೇ ತೇಲುತ್ತದೆ. ಎರಡು ಹನಿ ಸರ್ಜಿಕಲ್ ಸ್ಪಿರಿಟ್ ಹಾಕಿ ಕಲಸಿದರೆ ತಕ್ಷಣ ಒಪ್ಪಿಕೊಳ್ಳುತ್ತದೆ. ಹಳದಿ ಮಣ್ಣಿಗೆ ಈ ಕಪ್ಪು ಸ್ವಲ್ಪ ಸೇರಿಸಿದರೆ ಜಾಲಿ ಗಿಡದ ಮಬ್ಬು ಹಸಿರು ಬರುತ್ತದೆ. ಅರಿಸಿನ, ಬೀಟ್‌ರೂಟು, ಮಂಡಿಯಲ್ಲಿ ಕೊಳೆತ ಟೊಮೆಟೊ, ಯಾವುದೂ ಬಿಸಿಲಿಗೆ ನಿಲ್ಲಲಿಲ್ಲ. ಕಿಟಕಿಗೆ ಅಂಟಿಸಿದ ಪಟ್ಟಿಯಲ್ಲಿ ಅರಿಸಿನ ಕೆಲವೇ ವಾರಕ್ಕೆ ಮಾಯ. ಮಣ್ಣಿನ ಪಟ್ಟಿಗಳು ಇವತ್ತಿಗೂ ಹಾಗೇ ಇವೆ. ನೀಲಿ ನಮ್ಮ ನೆಲದಲ್ಲಿ ನನಗೆ ಸಿಕ್ಕಿಲ್ಲ, ಅದನ್ನು ಈಗಲೂ ಅಂಗಡಿಯಿಂದಲೇ ತರುತ್ತೇನೆ.

ಒಂದು ಎಚ್ಚರಿಕೆ. ಕೆಜಿಎಫ್‌ನ ಸೈನೈಡ್ ದಿಬ್ಬಗಳ ಮಣ್ಣಿನ ಬಣ್ಣ ನೋಡಿ ಆಸೆ ಪಡಬೇಡಿ. ಗಣಿ 2001ರಲ್ಲೇ ಮುಚ್ಚಿದೆ, ಆದರೆ ಅದು ಸೈನೈಡ್ ಹಾಕಿ ಚಿನ್ನ ತೆಗೆದು ಬಿಟ್ಟ ಪುಡಿ. ಗಾಳಿಗೆ ಏಳುವ ಆ ಧೂಳಿನಿಂದ ಅಲ್ಲಿನ ಜನ ಎಷ್ಟು ಕಷ್ಟಪಟ್ಟಿದ್ದಾರೆ ಅಂತ ಜಿಲ್ಲೆಯವರಿಗೆಲ್ಲ ಗೊತ್ತು. ಬ್ರಷ್ ತುದಿಯನ್ನು ತುಟಿಯಲ್ಲಿ ಚೂಪು ಮಾಡುವ ಅಭ್ಯಾಸ ನಮ್ಮಲ್ಲಿ ಎಷ್ಟು ಜನಕ್ಕಿಲ್ಲ?

ದುಡ್ಡಿನ ಲೆಕ್ಕ ಬಾಯಿಲೆಕ್ಕವೇ. ಎರಡು ವರ್ಷದಲ್ಲಿ ಕಲ್ಲು, ಗೋಂದು, ಜೇನು, ಡಬ್ಬಿ, ಬಸ್ ಚಾರ್ಜು ಸೇರಿ ಐದಾರು ಸಾವಿರ. ಹಾಳೆಯ ಖರ್ಚು ಬೇರೆ. ಹತ್ತಿಯ 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ ತೂಗುವ) ಹಾಳೆಯೇ ಬೇಕು, ತೆಳು ಹಾಳೆ ನೀರು ಹೀರಿ ಸುಕ್ಕಾಗುತ್ತದೆ. ಈಗ ಒಂದು ಪ್ಯಾನಿಗೆ ನನಗೆ ಬೀಳುವುದು ಹತ್ತು, ಹನ್ನೆರಡು ರೂಪಾಯಿ. ಕಳೆದ ಜನವರಿಯಲ್ಲಿ ಬೆಂಗಳೂರಿನ ಚಿತ್ರಸಂತೆಗೆ ಸೋಮೇಶ್ವರ ದೇವಸ್ಥಾನದ ಮಂಟಪ, ಅಂತರಗಂಗೆ, ಆವಣಿ ಬೆಟ್ಟ ಬರೆದು ತೆಗೆದುಕೊಂಡು ಹೋಗಿದ್ದೆ. ಪಕ್ಕದಲ್ಲಿ ಮಣ್ಣಿನ ಪುಟ್ಟ ಸೀಸೆಗಳನ್ನು ಸಾಲಾಗಿ ಇಟ್ಟೆ. ಜನ ಮೊದಲು ಸೀಸೆ ನೋಡಿದರು, ಆಮೇಲೆ ಚಿತ್ರ. ಖರ್ಚು ಕಳೆದು ಹದಿನಾಲ್ಕು ಸಾವಿರದ ಹತ್ತಿರ ಉಳಿಯಿತು. ಮಂಡಿಯ ಒಂದು ತಿಂಗಳ ಸಂಬಳಕ್ಕೆ ಸ್ವಲ್ಪ ಕಮ್ಮಿ. ಮೇಷ್ಟ್ರು ಈಗ ಎರಡು ಪ್ಯಾನ್ ಕೆಂಪು ಇಸಕೊಂಡು ಹೋಗಿದ್ದಾರೆ. ಫ್ರೇಮ್ ಹಾಕಿಸಿದ ಹಳೇ ಚಿತ್ರವೊಂದನ್ನು ಅವರ ಮನೆಯಲ್ಲೇ ಇಟ್ಟಿದ್ದೇನೆ, ತಳದಲ್ಲಿ ಏನೂ ಉದುರಿಲ್ಲ.

ಸದ್ಯಕ್ಕೆ ಮಾಲೂರಿನ ಒಡೆದ ಹಂಚು ಕುಟ್ಟುತ್ತಿದ್ದೇನೆ. ಅದರ ಕಿತ್ತಳೆ ಬಣ್ಣ ಯಾವ ಹಸಿ ಮಣ್ಣಲ್ಲೂ ಸಿಕ್ಕಿಲ್ಲ. ಬೆಂದ ಮಣ್ಣಾದ್ದರಿಂದ ಗೋಂದು ಕಮ್ಮಿ ಹಿಡಿಯುತ್ತದೆ, ಬಿರುಕೂ ಇಲ್ಲ. ಆದರೆ ಕರಕರ ಸದ್ದು ಗಂಟೆಗಟ್ಟಲೆ ಅರೆದರೂ ಪೂರ್ತಿ ನಿಂತಿಲ್ಲ. ಯಾರಾದರೂ ಹಂಚನ್ನು ನುಣ್ಣಗೆ ಮಾಡಿದ್ದರೆ ದಯವಿಟ್ಟು ತಿಳಿಸಿ. ಬದಲಿಗೆ ಜೇನಿನ ಅಳತೆ ಹೇಳಿಕೊಡುತ್ತೇನೆ.