ಡಿಪ್ರೆಶನ್‌ಗೆ ಬ್ಲಡ್ ಟೆಸ್ಟ್ ಇಲ್ಲ, ಹಾಗಾದರೆ ನಾನು ಪತ್ತೆ ಮಾಡೋದು ಹೇಗೆ?

ನಾನು ಮನೋವೈದ್ಯ ಅಲ್ಲ. ಜ್ವರ, ಕೆಮ್ಮು, ಬಿಪಿ ನೋಡುವ ಸಾಮಾನ್ಯ ವೈದ್ಯ. ಆದರೆ ಡಿಪ್ರೆಶನ್ ಇರುವವರು ಮೊದಲು ಬರುವುದು ಹೆಚ್ಚಾಗಿ ನಮ್ಮಂಥವರ ಹತ್ತಿರವೇ. ಅದೂ ಡಿಪ್ರೆಶನ್ ಅಂತ ಹೇಳಿಕೊಂಡು ಬರುವುದಿಲ್ಲ. ಸುಸ್ತು, ತಲೆನೋವು, ನಿದ್ದೆ ಇಲ್ಲ, ಹೊಟ್ಟೆ ಸರಿ ಇಲ್ಲ ಅಂತ ಬರುತ್ತಾರೆ.

ಹಾಗೇ ಒಬ್ಬರು ಬಂದಿದ್ದರು. ಐವತ್ತರ ಹತ್ತಿರದ ಹೆಂಗಸು, ಕೈಯಲ್ಲಿ ದಪ್ಪ ಫೈಲು, ಅದರಲ್ಲಿ ಇದ್ದಬದ್ದ ರಿಪೋರ್ಟುಗಳೆಲ್ಲ ನಾರ್ಮಲ್. ನಾಲ್ಕು ತಿಂಗಳಿಂದ ಸುಸ್ತಂತೆ. ನಾನು ಡಿಪ್ರೆಶನ್ ಲಕ್ಷಣ ಎಷ್ಟಿದೆ ಅಂತ ಅಳೆಯುವ ಪಿಎಚ್‌ಕ್ಯೂ-9 ಫಾರಂ ಕೊಟ್ಟೆ. ಇದರಲ್ಲಿ ಒಂಬತ್ತು ಪ್ರಶ್ನೆ ಇರುತ್ತವೆ, ಕಳೆದ ಎರಡು ವಾರದಲ್ಲಿ ಆ ತೊಂದರೆ ಎಷ್ಟು ದಿನ ಇತ್ತು ಅಂತ 0ಯಿಂದ 3ರವರೆಗೆ ಗುರುತು ಹಾಕಬೇಕು. ಒಟ್ಟು 27. 10 ಮುಟ್ಟಿದರೆ ನಾವು ಸ್ವಲ್ಪ ನೆಟ್ಟಗೆ ಕೂರುತ್ತೇವೆ, 20 ಮುಟ್ಟಿದರೆ ತೀವ್ರ. ಇವರದ್ದು ಬಂದಿದ್ದು 8. ನಿದ್ದೆಗೆ 3, ಸುಸ್ತಿಗೆ 3, ಹಸಿವಿಗೆ 2. ಬೇಸರಕ್ಕೂ ಸೊನ್ನೆ, ಆಸಕ್ತಿ ಕಮ್ಮಿಯಾಗಿದೆಯಾ ಅನ್ನೋದಕ್ಕೂ ಸೊನ್ನೆ.

ಅಂಕ ನೋಡಿ ವಿಟಮಿನ್ ಬರೆದು ಕಳಿಸಬಹುದಿತ್ತು. ಆದರೆ ಒಂದು ವಿಷಯ ಚುಚ್ಚುತ್ತಿತ್ತು. ನಾನು ಏನು ಕೇಳಿದರೂ ಉತ್ತರ ತಡವಾಗಿ ಬರುತ್ತಿತ್ತು. ಕೇಳಿಸಲಿಲ್ಲವೇನೋ ಅಂತ ನಾನು ಮತ್ತೆ ಬಾಯಿ ತೆರೆಯುವಷ್ಟರಲ್ಲಿ ಮೆಲ್ಲಗೆ ಮಾತು ಶುರುವಾಗುತ್ತಿತ್ತು. ಫಾರಂ ಪಕ್ಕಕ್ಕಿಟ್ಟು, "ಬೆಳಿಗ್ಗೆ ಎದ್ದಾಗಿಂದ ಏನೇನು ಮಾಡ್ತೀರಿ ಹೇಳಿ" ಅಂದೆ. ಮೂರು ಗಂಟೆಗೆ ಎಚ್ಚರ ಆಗುತ್ತೆ, ಮತ್ತೆ ನಿದ್ದೆ ಬರಲ್ಲ. ಕೆಲಸ ಮಾಡುವಾಗ ರೇಡಿಯೋ ಹಾಕಿಕೊಳ್ಳುವ ಅಭ್ಯಾಸ ಇತ್ತು. ಈಗ? "ಹಾಕಲ್ಲ. ಯಾಕೋ ಬೇಕು ಅನ್ಸಲ್ಲ." ಮತ್ತೆ ಆಸಕ್ತಿಗೆ ಸೊನ್ನೆ ಹಾಕಿದ್ದೀರಲ್ಲ ಅಂದರೆ, "ಕೆಲಸ ಎಲ್ಲಾ ಮಾಡ್ತಾನೇ ಇದೀನಲ್ಲ ಡಾಕ್ಟ್ರೇ."

ಮಾನಸಿಕ ಕಾಯಿಲೆಗಳನ್ನು ಗುರುತಿಸೋದಕ್ಕೆ ವೈದ್ಯರು ಬಳಸುವ ಕೈಪಿಡಿ ಡಿಎಸ್‌ಎಂ-5 ಪ್ರಕಾರ, ಡಿಪ್ರೆಶನ್ ಅನ್ನಬೇಕಾದರೆ ಒಂಬತ್ತು ಲಕ್ಷಣಗಳಲ್ಲಿ ಕನಿಷ್ಠ ಐದು, ಎರಡು ವಾರ, ಹೆಚ್ಚುಕಮ್ಮಿ ಪ್ರತಿದಿನ ಇರಬೇಕು. ಅದರಿಂದ ಬದುಕು ನಡೆಸೋದಕ್ಕೆ ತೊಂದರೆಯಾಗುತ್ತಿರಬೇಕು. ಆ ಐದರಲ್ಲಿ ಒಂದು ಕುಗ್ಗಿದ ಮನಸ್ಸು ಅಥವಾ ಯಾವುದರಲ್ಲೂ ಆಸಕ್ತಿ ಇಲ್ಲದಿರುವುದು ಆಗಿರಲೇಬೇಕು. ಅಂದರೆ ಅಳು, ದುಃಖ ಇಲ್ಲದೆಯೂ ಡಿಪ್ರೆಶನ್ ಇರಬಹುದು. ಇದು ಎಷ್ಟೋ ಜನಕ್ಕೆ ಗೊತ್ತಿಲ್ಲ. ಇವರಿಗೆ ನಿದ್ದೆ, ಸುಸ್ತು, ಹಸಿವು, ಆಸಕ್ತಿ, ನನ್ನ ಕಣ್ಣಿಗೇ ಕಾಣುತ್ತಿದ್ದ ಆ ನಿಧಾನ, ಐದು ಆಯಿತಲ್ವಾ. ಫಾರಂ ಹೇಳಿದ್ದು 8 ಮಾತ್ರ.

ರಕ್ತ ಪರೀಕ್ಷೆ ನಾನೂ ಬರೆಯುತ್ತೇನೆ, ಆದರೆ ಅದು ಡಿಪ್ರೆಶನ್ ಹುಡುಕೋದಕ್ಕಲ್ಲ, ಡಿಪ್ರೆಶನ್ ವೇಷದಲ್ಲಿ ಬಂದಿರೋದು ಬೇರೆ ಏನಾದರೂ ಇದೆಯಾ ಅಂತ ನೋಡೋದಕ್ಕೆ. ಥೈರಾಯ್ಡ್ ಕಮ್ಮಿ ಇದ್ದರೂ ಇದೇ ಸುಸ್ತು, ಇದೇ ಮಂಕು. ಹಿಮೋಗ್ಲೋಬಿನ್, ಬಿ12, ಶುಗರ್ ಕೂಡ ನೋಡುತ್ತೇನೆ. ಕುಡಿತದ ಬಗ್ಗೆ ಕೇಳುತ್ತೇನೆ, ತೆಗೆದುಕೊಳ್ಳುತ್ತಿರುವ ಮಾತ್ರೆಗಳನ್ನೆಲ್ಲ ಮೇಜಿನ ಮೇಲೆ ಇಡಿಸುತ್ತೇನೆ. ಸ್ಟೀರಾಯ್ಡ್ ಕೂಡ ಮನಸ್ಸನ್ನು ಏರುಪೇರು ಮಾಡುತ್ತದೆ.

ಈಗ ನನ್ನ ತಪ್ಪಿಗೆ ಬರುತ್ತೇನೆ. ಶುರುವಿನ ವರ್ಷಗಳಲ್ಲಿ ಒಬ್ಬ ಯುವಕ ಬಂದಿದ್ದ. ಅಂಕ 17, ಎಲ್ಲ ಲಕ್ಷಣವೂ ಪುಸ್ತಕದಲ್ಲಿ ಇದ್ದ ಹಾಗೇ. ಇಷ್ಟು ಸಲೀಸಾಗಿ ಸಿಕ್ಕಿತಲ್ಲ ಅಂತ ಒಳಗೊಳಗೇ ಖುಷಿ ಬೇರೆ. ಮಾತ್ರೆ ಬರೆದು ಕಳಿಸಿದೆ. ಮೂರು ವಾರಕ್ಕೆ ಅವನ ಅಕ್ಕ ಕರೆದುಕೊಂಡು ಬಂದಳು. ಹುಡುಗ ರಾತ್ರಿ ಬರೀ ಎರಡು ತಾಸು ಮಲಗುತ್ತಾನೆ, ದಣಿವೇ ಇಲ್ಲ, ಮಾತು ನಿಲ್ಲುತ್ತಿಲ್ಲ, ಸಾಲ ಮಾಡಿ ಏನೇನೋ ಶುರು ಮಾಡಲು ಹೊರಟಿದ್ದಾನೆ. ಕಾಲೇಜಿನಲ್ಲಿ ಇದ್ದಾಗಲೂ ಒಂದು ವಾರ ಹೀಗೇ ಆಗಿತ್ತಂತೆ. ನಾನು ಕೇಳಿರಲಿಲ್ಲ, ಅವರು ಹೇಳಿರಲಿಲ್ಲ. ಅದು ಬೈಪೋಲಾರ್, ಮನಸ್ಸು ಕೆಲವೊಮ್ಮೆ ಕುಗ್ಗಿ, ಕೆಲವೊಮ್ಮೆ ವಿಪರೀತ ಉಬ್ಬುವ ಕಾಯಿಲೆ. ಅಂಥವರಿಗೆ ಡಿಪ್ರೆಶನ್ ಮಾತ್ರೆಯೊಂದನ್ನೇ ಕೊಟ್ಟರೆ ಮನಸ್ಸು ಆ ಉಬ್ಬುವ ಕಡೆ ಚಿಮ್ಮಬಹುದು. ತಕ್ಷಣ ಮನೋವೈದ್ಯರಿಗೆ ಕಳಿಸಿದೆ.

ಆವತ್ತಿನಿಂದ ಮಾತ್ರೆ ಬರೆಯುವ ಮೊದಲು ಒಂದು ಪ್ರಶ್ನೆ ತಪ್ಪಿಸುವುದಿಲ್ಲ: "ನಿದ್ದೆ ಕಮ್ಮಿ ಆದರೂ ಸುಸ್ತೇ ಆಗದೆ, ಮೈಯಲ್ಲಿ ವಿಪರೀತ ಹುರುಪು ಬಂದು ನಾಲ್ಕೈದು ದಿನ ಕಳೆದದ್ದು ಯಾವಾಗಲಾದರೂ ಇದೆಯಾ?" ಪಿಎಚ್‌ಕ್ಯೂ-9ರಲ್ಲಿ ಈ ಪ್ರಶ್ನೆ ಇಲ್ಲ. ಸಾಧ್ಯವಾದರೆ ಮನೆಯವರನ್ನೂ ಕೇಳುತ್ತೇನೆ, ಯಾಕಂದ್ರೆ ಆ ದಿನಗಳು ರೋಗಿಗೆ ಕಾಯಿಲೆ ಅಂತ ಅನಿಸಿಯೇ ಇರುವುದಿಲ್ಲ.

ಇನ್ನು ಒಂಬತ್ತನೇ ಪ್ರಶ್ನೆ, ಸಾಯಬೇಕು ಅನಿಸುತ್ತಾ ಅನ್ನೋದು. ಅಲ್ಲಿ ಸೊನ್ನೆ ಬಿಟ್ಟು ಬೇರೇನೇ ಇದ್ದರೂ ಒಟ್ಟು ಅಂಕ ಎಷ್ಟು ಅಂತ ನೋಡುತ್ತಾ ಕೂರಬಾರದು. ಜೊತೆಗೆ ಬಂದವರನ್ನು ಸ್ವಲ್ಪ ಹೊರಗೆ ಕೂರಿಸಿ ನೇರವಾಗಿ ಕೇಳುತ್ತೇನೆ: ಹೇಗೆ ಅಂತ ಯೋಚನೆ ಮಾಡಿದ್ದೀರಾ, ಏನಾದರೂ ತಂದಿಟ್ಟುಕೊಂಡಿದ್ದೀರಾ? ಮೊದಮೊದಲು ನನಗೇ ನಾಲಿಗೆ ಏಳುತ್ತಿರಲಿಲ್ಲ. ಕೇಳಿದರೆ ಆ ಯೋಚನೆ ತಲೆಗೆ ಹೊಕ್ಕುಬಿಡುತ್ತೆ ಅನ್ನೋ ಭಯ. ಹಾಗೇನೂ ಆಗಲ್ಲ. ತುಂಬಾ ಜನ ಆಗಲೇ ಮೊದಲ ಸಲ ಉಸಿರು ಬಿಟ್ಟು ಕೂರುತ್ತಾರೆ. ತಯಾರಿ ಇದೆ ಅಂತ ಗೊತ್ತಾದರೆ ಅವತ್ತೇ ಮನೋವೈದ್ಯರ ಹತ್ತಿರ ಕಳಿಸುತ್ತೇನೆ, ಒಬ್ಬರನ್ನೇ ಕಳಿಸೋದಿಲ್ಲ.

ರೇಡಿಯೋ ವಿಷಯ ಹೇಳಿದ್ದ ಆ ಹೆಂಗಸು ಎರಡು ವಾರ ಬಿಟ್ಟು ಬಂದಾಗ ಮತ್ತೆ ಅದೇ ಫಾರಂ ಕೊಟ್ಟೆ. ಈ ಸಲ 14 ಬಂತು. ಕಾಯಿಲೆ ಜಾಸ್ತಿಯಾಗಿರಲಿಲ್ಲ. ಆಸಕ್ತಿಯ ಸಾಲಿನಲ್ಲಿ ಪೆನ್ನು ಸ್ವಲ್ಪ ಹೊತ್ತು ನಿಂತು, ಆಮೇಲೆ 3ಕ್ಕೆ ಗುರುತು ಹಾಕಿತ್ತು.